ಹೋಮ್‌ಸ್ಟೇ ಬಾಗಿಲಿಗೆ ನಂಬರ್ ಬೀಗ ಹಾಕಿಸುವುದು ಹೇಗೆ?

ಬೆಂಗಳೂರಿನಲ್ಲಿ ಶುಕ್ರವಾರ ಸಂಜೆ ಆಫೀಸು ಮುಗಿಸಿ ಹೊರಟವರು ಆಲ್ದೂರು, ಮೂಡಿಗೆರೆ ಕಡೆಯ ತೋಟದ ಮನೆ ಮುಟ್ಟುವಾಗ ನಡುರಾತ್ರಿ ದಾಟಿರುತ್ತದೆ. ಅಷ್ಟು ಹೊತ್ತು ಕೀಲಿ ಹಿಡಿದು ಕಾಯುವವರು ಯಾರು? ಹಾಗಾಗಿ ಕೀಲಿ ಹೂಕುಂಡದ ಕೆಳಗೆ ಹೋಗುತ್ತದೆ. ಅದು ಅಲ್ಲಿದೆ ಎಂದು ಮನೆಯವರಿಗೆ ಗೊತ್ತು, ತೋಟದ ಕೆಲಸದವರಿಗೆ ಗೊತ್ತು, ಹೋದ ತಿಂಗಳು ಬಂದು ಹೋದ ಅತಿಥಿಗಳಿಗೂ ಗೊತ್ತು. ಇನ್ನು ಕೆಲವರು ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಊರಿಗೆ ಹೋಗಿಬಿಡುತ್ತಾರೆ. ಹಾಸನದಲ್ಲಿ ವಿದ್ಯಾರ್ಥಿಗಳಿಗೆ ಪಿಜಿ ನಡೆಸುವವರ ಕಷ್ಟವೂ ಹೆಚ್ಚುಕಡಿಮೆ ಇದೇ.

ನಂಬರ್ ಒತ್ತಿ ತೆಗೆಯುವ ಕೀಪ್ಯಾಡ್ ಬೀಗ ಇದಕ್ಕೆ ಒಳ್ಳೆಯ ದಾರಿ. ಆದರೆ ಅಂಗಡಿಗೆ ಹೋದವರ ಕಣ್ಣೆಲ್ಲ ಕೀಪ್ಯಾಡ್ ಮೇಲೆಯೇ ಇರುತ್ತದೆ. ನಿಜಕ್ಕೂ ತೀರ್ಮಾನ ಮಾಡಬೇಕಾದ್ದು ಬೇರೆ ಎರಡು ವಿಷಯ. ಕರೆಂಟ್ ಹೋದಾಗ ಬಾಗಿಲು ಏನಾಗಬೇಕು? ಒಳಗಿರುವವರು ಹೇಗೆ ಹೊರಗೆ ಬರಬೇಕು? ಮಲೆನಾಡಿನಲ್ಲಿ ಇವೆರಡಕ್ಕೆ ಉತ್ತರ ಸಿಗುವ ತನಕ ಏನನ್ನೂ ಕೊಳ್ಳಬೇಡಿ.

ಮೊದಲು ಬೀಗ, ಆಮೇಲೆ ಕೀಪ್ಯಾಡ್

ಹೆಚ್ಚಾಗಿ ಸಿಗುವುದು ಮ್ಯಾಗ್ನೆಟ್ ಲಾಕ್. ಚೌಕಟ್ಟಿಗೆ ಒಂದು ವಿದ್ಯುತ್ ಅಯಸ್ಕಾಂತ, ಕದಕ್ಕೆ ಒಂದು ಕಬ್ಬಿಣದ ಪ್ಲೇಟು. 12 ವೋಲ್ಟ್ ಹರಿಯುವಷ್ಟು ಹೊತ್ತು ಎರಡೂ ಅಂಟಿಕೊಂಡಿರುತ್ತವೆ. ಮನೆ ಬಾಗಿಲಿಗೆ ಹಾಕುವ 600 ಪೌಂಡಿನ ಮ್ಯಾಗ್ನೆಟ್ಟು ಸುಮಾರು 280 ಕೆಜಿ ಎಳೆತ ತಡೆಯುತ್ತದೆ. ಆದರೆ ಕರೆಂಟ್ ನಿಂತ ಕ್ಷಣ ಬಾಗಿಲು ತೆರೆದಂತೆಯೇ. ಬೆಂಕಿ ಬಿದ್ದಾಗ ಇದು ಜೀವ ಉಳಿಸುವ ಗುಣ. ಗಾಳಿಮಳೆಯ ರಾತ್ರಿ ಯಾರೂ ಇಲ್ಲದ ಕಾಟೇಜಿಗೆ ಇದೇ ತೊಂದರೆ.

ಇನ್ನೊಂದು ಬಗೆ ಇದಕ್ಕೆ ಉಲ್ಟಾ. ಕರೆಂಟ್ ಕೊಟ್ಟಾಗ ಮಾತ್ರ ತೆರೆಯುತ್ತದೆ. ಇಲ್ಲದಿದ್ದರೆ ಮುಚ್ಚಿಯೇ ಇರುತ್ತದೆ. ಚೌಕಟ್ಟಿನೊಳಗೆ ಕೂರುವ ಎಲೆಕ್ಟ್ರಿಕ್ ಸ್ಟ್ರೈಕ್ ಸಾಮಾನ್ಯವಾಗಿ ಹೀಗೆ ಕೆಲಸ ಮಾಡುತ್ತದೆ. ಕದದ ಒಳಮೈಗೆ ಕೂರುವ ಎಲೆಕ್ಟ್ರಿಕ್ ರಿಮ್ ಲಾಕ್ ಕೂಡ ಹೀಗೆಯೇ. ರಿಮ್ ಲಾಕಿಗೆ ಹೊರಗಡೆಯಿಂದ ಮಾಮೂಲಿ ಕೀಲಿಯೂ ಇರುತ್ತದೆ, ಒಳಗಿನಿಂದ ಕೈಯಲ್ಲೇ ತೆಗೆಯುವ ಗುಂಡಿಯೂ ಇರುತ್ತದೆ.

ತೋಟದ ನಡುವಿನ ಮರದ ಬಾಗಿಲಿಗೆ ನನ್ನ ಸಲಹೆ ರಿಮ್ ಲಾಕ್. ಹಾಸನದ ಪಿಜಿಯಂತೆ ಹತ್ತಾರು ಮಕ್ಕಳು ಮಲಗುವ ಕಟ್ಟಡದ ಮುಂಬಾಗಿಲಿಗೆ ಮಾತ್ರ ಮ್ಯಾಗ್ನೆಟ್ ಲಾಕ್ ಬೇಕು, ಜೊತೆಗೆ ಬ್ಯಾಟರಿ ಇರಲಿ. ಅಲ್ಲಿ ಕಳ್ಳನಿಗಿಂತ ದೊಡ್ಡ ಭಯ ಬೆಂಕಿ. ಯಾವ ಬೀಗವೇ ಆಗಲಿ, ಒಳಗಿರುವವರು ನಂಬರ್ ಇಲ್ಲದೆ, ಕರೆಂಟ್ ಇಲ್ಲದೆ, ಕತ್ತಲೆಯಲ್ಲೂ ಹೊರಗೆ ಬರುವಂತಿರಬೇಕು. ಈ ಒಂದು ವಿಷಯದಲ್ಲಿ ರಾಜಿ ಬೇಡವೇ ಬೇಡ.

ವೈರ್ ಎಳೆಯಲು ಆಗುವುದೇ ಇಲ್ಲ ಅನ್ನುವ ಕಡೆ ಪೆನ್ಸಿಲ್ ಸೆಲ್‌ನಲ್ಲಿ ನಡೆಯುವ ಡಿಜಿಟಲ್ ಲಾಕ್ ಇದೆ. ಕೊಳ್ಳುವ ಮುಂಚೆ ಕದದ ದಪ್ಪ ಅಳೆಯಿರಿ. ಹಳೇ ಮನೆಗಳ ಬಾಗಿಲಿಗೆ ಎಷ್ಟೋ ಸಲ ಅದು ಕೂರುವುದಿಲ್ಲ.

ಕರೆಂಟ್ ಲೆಕ್ಕ

ಮೊಬೈಲ್ ಚಾರ್ಜರ್ ತರದ ಅಡಾಪ್ಟರ್ ಸಾಲದು. ಬ್ಯಾಟರಿ ಕೂಡಿಸಲು ಜಾಗವಿರುವ 12 ವೋಲ್ಟಿನ ಆಕ್ಸೆಸ್ ಪವರ್ ಸಪ್ಲೈ ಕೇಳಿ. 3 ಅಥವಾ 5 ಆಂಪಿಯರಿನದು ಸಿಗುತ್ತದೆ. ಅದರೊಳಗೆ 12 ವೋಲ್ಟ್ 7 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ ಕೂರುತ್ತದೆ.

ಈ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಮ್ಯಾಗ್ನೆಟ್ ಲಾಕ್ ಹಗಲೂ ರಾತ್ರಿ ಸುಮಾರು ಅರ್ಧ ಆಂಪಿಯರ್ ಎಳೆಯುತ್ತಲೇ ಇರುತ್ತದೆ. ಕೀಪ್ಯಾಡ್ ಸೇರಿದರೆ ಕಾಗದದ ಲೆಕ್ಕದಲ್ಲಿ 11–12 ಗಂಟೆ. ನಿಜವಾಗಿ ಸಿಗುವುದು ಅದಕ್ಕಿಂತ ಕಡಿಮೆ, ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. ರಿಮ್ ಲಾಕ್ ಹಾಗಲ್ಲ. ತೆರೆಯುವ ಒಂದು ಕ್ಷಣ ಮಾತ್ರ ಜಾಸ್ತಿ ಆಂಪಿಯರ್ ಕೇಳುತ್ತದೆ, ಉಳಿದ ಹೊತ್ತು ಏನೂ ಬೇಡ. ಆಗ ಬ್ಯಾಟರಿ ಕೀಪ್ಯಾಡ್ ಒಂದನ್ನೇ ಸಾಕಬೇಕು. ಅದೇ 7 ಆಂಪಿಯರ್-ಅವರ್ ಬ್ಯಾಟರಿ ದಿನಗಟ್ಟಲೆ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದು ಎರಡು ದಿನ ಕತ್ತಲೆಯಲ್ಲಿ ಕಳೆಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಗೋಡೆಗೆ ತೂತು ಹೊಡೆಯುವ ಮುಂಚೆ

ಎಲ್ಲ ಸಾಮಾನನ್ನೂ ಒಂದು ಮೇಜಿನ ಮೇಲೆ ಹರಡಿ, ಅಲ್ಲೇ ಜೋಡಿಸಿ, ನಂಬರ್ ಹಾಕಿ, ಬೀಗ ತೆರೆಯುತ್ತದೆಯೇ ನೋಡಿ. ಕೆಟ್ಟ ಕೀಪ್ಯಾಡ್ ಬಂದಿದ್ದರೆ ಇಲ್ಲೇ ಗೊತ್ತಾಗುತ್ತದೆ. ಏಣಿ ಹತ್ತಿ ನಿಂತು ಹುಡುಕುವ ಕಷ್ಟ ತಪ್ಪುತ್ತದೆ.

ಆಮೇಲೆ ಜಾಗ. ನೆಲದಿಂದ ನಾಲ್ಕು ಅಡಿ ಎತ್ತರ ಎಲ್ಲರಿಗೂ ಹೊಂದುತ್ತದೆ. ಹಿಡಿಕೆ ಇರುವ ಬದಿಯಲ್ಲೇ ಇರಲಿ, ಒಂದು ಕೈಯಲ್ಲಿ ಒತ್ತಿ ಇನ್ನೊಂದರಲ್ಲಿ ತಳ್ಳುವಂತೆ. ಜಗಲಿ ಇದ್ದರೂ ಜುಲೈ ತಿಂಗಳ ಎರಚಲು ಮಳೆ ಗೋಡೆ ತನಕ ಬರುತ್ತದೆ ಅಲ್ವಾ? ಹಾಗಾಗಿ ಐಪಿ65 (ಧೂಳು, ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತು) ಅಥವಾ ಅದಕ್ಕಿಂತ ಮೇಲಿನದು ಇರುವ ಕೀಪ್ಯಾಡನ್ನೇ ಕೊಳ್ಳಿ. ಅದರ ಮೇಲೊಂದು ಸಣ್ಣ ತಗಡಿನ ಮರೆ ಹಾಕಿಸಿ.

ಕೀಪ್ಯಾಡ್ ಸುತ್ತ ಸಿಲಿಕೋನ್ ಹಚ್ಚುವಾಗ ಮೇಲೆ ಮತ್ತು ಎರಡು ಬದಿ ಮಾತ್ರ ಹಚ್ಚಿ. ಕೆಳಗಡೆ ಬಿಡಿ. ಹೇಗೋ ಒಳಗೆ ಸೇರಿದ ನೀರಿಗೆ ಹೊರಗೆ ಹೋಗಲು ದಾರಿ ಬೇಕು. ನಾಲ್ಕೂ ಕಡೆ ಮುಚ್ಚಿದರೆ ತೇವ ಒಳಗೇ ಕುಳಿತು ಬೋರ್ಡ್ ತಿನ್ನುತ್ತದೆ. ವೈರ್ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ವಲ್ಪ ಕೆಳಕ್ಕೆ ಬಾಗಿಸಿ, ನೀರು ಆ ಬಾಗಿನಲ್ಲಿ ತೊಟ್ಟಿಕ್ಕಲಿ. ಗೋಡೆಯ ತೂತನ್ನು ಪೂರ್ತಿ ಮುಚ್ಚಿ, ಇಲ್ಲದಿದ್ದರೆ ಇರುವೆಗಳು ಬೆಚ್ಚಗಿನ ಬೋರ್ಡಿನ ಮೇಲೆ ಗೂಡು ಕಟ್ಟುತ್ತವೆ.

ವೈರಿಂಗ್

230 ವೋಲ್ಟಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ. ಪವರ್ ಸಪ್ಲೈಗೆ ಬೇರೆಯೇ ಒಂದು ಎಂಸಿಬಿ ಮತ್ತು ಸರಿಯಾದ ಅರ್ಥಿಂಗ್ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ನಮ್ಮ ಕಡೆ ಎಷ್ಟು ಟಿವಿ, ರೂಟರ್ ಸುಟ್ಟಿವೆ ಎಂದು ಹೇಳಬೇಕಾಗಿಲ್ಲ. ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ಒಳ್ಳೆಯದು.

12 ವೋಲ್ಟಿನ ಭಾಗ ಸ್ವಲ್ಪ ತಾಳ್ಮೆ ಇರುವ ಯಾರಾದರೂ ಮಾಡಬಹುದು. ಇಲ್ಲಿ ಸಾಮಾನ್ಯವಾಗಿ ಕೆಡುವುದು ಸಣ್ಣ ವೈರಿನಿಂದ. ಪವರ್ ಸಪ್ಲೈನಿಂದ ಬೀಗಕ್ಕೆ 30 ಮೀಟರ್ ದೂರ ಅಂದುಕೊಳ್ಳಿ. ಹೋಗಿ ಬರುವ ದಾರಿ 60 ಮೀಟರ್. ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರು ಹಾಕಿದರೆ ಅರ್ಧ ಆಂಪಿಯರಿಗೇ ಒಂದು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. 1 ಚದರ ಮಿಲಿಮೀಟರಿನದು ಹಾಕಿದರೆ ಆ ನಷ್ಟ ಅರ್ಧಕ್ಕೆ ಇಳಿಯುತ್ತದೆ. ಬಾಗಿಲು ಕೆಲವೊಮ್ಮೆ ತೆರೆಯುತ್ತದೆ, ಕೆಲವೊಮ್ಮೆ ಇಲ್ಲ ಅನ್ನುವ ದೂರು ಬಂದರೆ ಮೀಟರ್ ಹಿಡಿದು ಬೀಗದ ಬಳಿ ವೋಲ್ಟೇಜ್ ನೋಡಿ, ಬೀಗ ಕೆಲಸ ಮಾಡುತ್ತಿರುವಾಗಲೇ ನೋಡಿ.

ಕೀಪ್ಯಾಡ್ ಹಿಂದೆ ಬಣ್ಣ ಬಣ್ಣದ ವೈರುಗಳ ಗೊಂಚಲಿರುತ್ತದೆ. ಹೆದರಬೇಡಿ. ಎರಡು ವೈರು 12 ವೋಲ್ಟಿನ ಪ್ಲಸ್, ಮೈನಸ್. ಮೂರು ವೈರು ರಿಲೇಯದು: ಕಾಮ್, ಎನ್‌ಒ, ಎನ್‌ಸಿ. ಒಂದು ಒಳಗಿನ ಎಕ್ಸಿಟ್ ಬಟನ್ನಿಗೆ, ಅಂದರೆ ಒಳಗಿರುವವರು ಒತ್ತಿ ಬಾಗಿಲು ತೆರೆಯುವ ಗುಂಡಿಗೆ. ಉಳಿದವು ಕಾಲಿಂಗ್ ಬೆಲ್, ಕಾರ್ಡ್ ರೀಡರ್ ಇಂಥವಕ್ಕೆ. ಬೇಡದಿದ್ದರೆ ಒಂದೊಂದರ ತುದಿಗೂ ಬೇರೆ ಬೇರೆ ಟೇಪ್ ಸುತ್ತಿ ಬಿಡಿ.

ರಿಲೇ ಅಂದರೆ ಒಂದು ಸ್ವಿಚ್ಚು. ಸುಮ್ನೆ ಇರುವಾಗ ಕಾಮ್ ಮತ್ತು ಎನ್‌ಸಿ ಕೂಡಿಕೊಂಡಿರುತ್ತವೆ. ಸರಿಯಾದ ನಂಬರ್ ಒತ್ತಿದಾಗ ಎನ್‌ಸಿ ಬಿಟ್ಟು ಕಾಮ್ ಮತ್ತು ಎನ್‌ಒ ಕೂಡುತ್ತವೆ. ಮ್ಯಾಗ್ನೆಟ್ ಲಾಕಿಗೆ ಸದಾ ಕರೆಂಟ್ ಬೇಕು, ನಂಬರ್ ಒತ್ತಿದಾಗ ನಿಲ್ಲಬೇಕು. ಅದಕ್ಕೆ ಎನ್‌ಸಿ. ರಿಮ್ ಲಾಕಿಗೆ ನಂಬರ್ ಒತ್ತಿದಾಗ ಮಾತ್ರ ಬೇಕು. ಅದಕ್ಕೆ ಎನ್‌ಒ. ಪವರ್ ಸಪ್ಲೈಯ ಪ್ಲಸ್ಸನ್ನು ಕಾಮ್‌ಗೆ ಕೊಡಿ, ಎನ್‌ಸಿ ಅಥವಾ ಎನ್‌ಒನಿಂದ ಬೀಗದ ಪ್ಲಸ್ಸಿಗೆ ಎಳೆಯಿರಿ, ಬೀಗದ ಮೈನಸ್ಸು ನೇರ ಪವರ್ ಸಪ್ಲೈಯ ಮೈನಸ್ಸಿಗೆ.

ಬೀಗದ ಎರಡು ಟರ್ಮಿನಲ್ ನಡುವೆ ಒಂದು 1ಎನ್4007 ಡಯೋಡ್ ಹಾಕುವುದನ್ನು ಮರೆಯಬೇಡಿ, ಅದರ ಬಿಳಿ ಪಟ್ಟಿ ಪ್ಲಸ್ ಕಡೆಗೆ. ಬೀಗದೊಳಗಿನ ಸುರುಳಿಗೆ ಕರೆಂಟ್ ನಿಂತಾಗ ಒಂದು ಜೋರಾದ ಹಿಮ್ಮುಖ ಏಟು ಬರುತ್ತದೆ. ಆ ಏಟು ದಿನಾ ತಿಂದ ರಿಲೇ ಕೊನೆಗೆ ಅಂಟಿಕೊಂಡು ನಿಲ್ಲುತ್ತದೆ. ಇದು ಬಹಳ ಅಗ್ಗದ ಬಿಡಿಭಾಗ. ಹಾಗಿದ್ದೂ ಇದನ್ನೇ ಹೆಚ್ಚಾಗಿ ಬಿಟ್ಟುಬಿಡುತ್ತಾರೆ.

ಮ್ಯಾಗ್ನೆಟ್ ಲಾಕ್ ಹಾಕುವವರು ಎಕ್ಸಿಟ್ ಬಟನ್ ಒಂದನ್ನೇ ನಂಬಬಾರದು. ಒಳಗಡೆ, ಬೀಗಕ್ಕೆ ಹೋಗುವ ಪ್ಲಸ್ ವೈರಿನಲ್ಲೇ ಒಂದು ತುರ್ತು ಸ್ವಿಚ್ ಇರಲಿ. ಬೆಂಕಿ ಬಿದ್ದಾಗ ಒಡೆಯುವ ಹಸಿರು ಡಬ್ಬಿ ಸಿಗುತ್ತದಲ್ಲ, ಅದು. ಕೀಪ್ಯಾಡ್ ಕೆಟ್ಟು ನಿಂತರೂ ಅದು ಬೀಗದ ಕರೆಂಟನ್ನು ನೇರವಾಗಿ ಕಡಿಯುತ್ತದೆ.

ಇನ್ನೊಂದು ಮಾತು. ರಿಲೇ ಹೊರಗಿನ ಕೀಪ್ಯಾಡ್ ಒಳಗೇ ಇದ್ದರೆ, ಅದನ್ನು ಗೋಡೆಯಿಂದ ಕಿತ್ತವನಿಗೆ ವೈರುಗಳೂ ಸಿಗುತ್ತವೆ. ವಿಷಯ ಗೊತ್ತಿದ್ದವನಿಗೆ ನಂಬರ್ ಬೇಕಾಗುವುದೇ ಇಲ್ಲ. ಬೆಲೆಬಾಳುವ ಸಾಮಾನು ಇರುವ ಮನೆಗೆ ಹೊರಗೆ ಬರೀ ಕೀಪ್ಯಾಡ್, ಒಳಗೆ ಬೇರೆ ಕಂಟ್ರೋಲರ್ ಇರುವ ಜೋಡಿ ಕೊಳ್ಳಿ. ವೀಗ್ಯಾಂಡ್ ಇರುವ ಕೀಪ್ಯಾಡ್ ಎಂದು ಕೇಳಿದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಆಗ ಬೀಗಕ್ಕೆ ಹೋಗುವ ವೈರು ಹೊರಗೆ ಬರುವುದೇ ಇಲ್ಲ.

ಕದಕ್ಕೆ ಕೂರಿಸುವಾಗ

ನಮ್ಮ ಮನೆಗಳ ಬಾಗಿಲು ಒಳಕ್ಕೆ ತೆರೆಯುತ್ತದೆ. ಅಂಥ ಕದಕ್ಕೆ ಮ್ಯಾಗ್ನೆಟ್ ಲಾಕ್ ಕೂರಿಸಲು ಝಡ್ಎಲ್ ಬ್ರಾಕೆಟ್ ಬೇಕು. ಬೀಗದ ಜೊತೆಗೇ ಕೇಳಿ ತನ್ನಿ. ಕದದ ಮೇಲಿನ ಪ್ಲೇಟನ್ನು ಪೂರ್ತಿ ಬಿಗಿ ಮಾಡಬೇಡಿ. ಹಿಂದೆ ರಬ್ಬರ್ ವಾಷರ್ ಹಾಕಿ, ಕೈಯಲ್ಲಿ ಅಲುಗಿಸಿದರೆ ಸ್ವಲ್ಪ ಆಡುವಂತಿರಲಿ. ಹಾಗಿದ್ದರೆ ಮಾತ್ರ ಅದು ಮ್ಯಾಗ್ನೆಟ್ಟಿನ ಮುಖಕ್ಕೆ ಸರಿಯಾಗಿ ಒರಗುತ್ತದೆ. ನಡುವೆ ಸಣ್ಣ ಸಂದು ಉಳಿದರೂ ಹಿಡಿತ ಬಹಳ ಕಡಿಮೆಯಾಗುತ್ತದೆ.

ರಿಮ್ ಲಾಕ್ ಅಥವಾ ಸ್ಟ್ರೈಕ್ ಆದರೆ ಬೇಸಿಗೆಯಲ್ಲಿ ತೀರಾ ಬಿಗಿಯಾಗಿ ಕೂರಿಸಬೇಡಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ನಾಲಗೆ ಚೌಕಟ್ಟಿನ ತೂತಿಗೆ ಒತ್ತಿಕೊಂಡು, ಟಕ್ ಅಂದರೂ ಬಾಗಿಲು ಬರುವುದಿಲ್ಲ.

ನಂಬರ್ ಹಾಕುವ ಕೆಲಸ

ಮಾದರಿಯಿಂದ ಮಾದರಿಗೆ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಜೊತೆಗೆ ಬಂದ ಕಾಗದ ಕೈಯಲ್ಲಿರಲಿ. ಅನೇಕ ಕೀಪ್ಯಾಡ್‌ಗಳಲ್ಲಿ ಕ್ರಮ ಹೀಗಿದೆ.

ಸ್ಟಾರ್ ಒತ್ತಿ, ಮಾಸ್ಟರ್ ನಂಬರ್ ಒತ್ತಿ, ಹ್ಯಾಶ್ ಒತ್ತಿ. ಕಂಪನಿಯಿಂದ ಬರುವಾಗ ಮಾಸ್ಟರ್ 123456, 888888 ಅಥವಾ 999999 ಇಂಥದ್ದೇನೋ ಇರುತ್ತದೆ. ಈಗ ನೀವು ಪ್ರೋಗ್ರಾಂ ಒಳಗಿದ್ದೀರಿ. ಮೊದಲ ಕೆಲಸ ಆ ಮಾಸ್ಟರ್ ಬದಲಿಸುವುದು: 0 ಒತ್ತಿ, ಹೊಸ ನಂಬರ್, ಹ್ಯಾಶ್, ಮತ್ತೆ ಅದೇ ಹೊಸ ನಂಬರ್, ಹ್ಯಾಶ್. ಇದನ್ನು ನಾಳೆಗೆ ಬಿಡಬೇಡಿ. ಕಂಪನಿಯ ನಂಬರ್ ಇಂಟರ್‌ನೆಟ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ.

ಒಬ್ಬರಿಗೆ ನಂಬರ್ ಕೊಡಲು 1 ಒತ್ತಿ, ಅವರ ಕ್ರಮಸಂಖ್ಯೆ, ಹ್ಯಾಶ್, ಅವರ ಪಿನ್, ಹ್ಯಾಶ್. ತೆಗೆಯಲು 2, ಕ್ರಮಸಂಖ್ಯೆ, ಹ್ಯಾಶ್. ಬಾಗಿಲು ಎಷ್ಟು ಸೆಕೆಂಡ್ ತೆರೆದಿರಬೇಕು ಅನ್ನುವುದಕ್ಕೆ 4, ಸೆಕೆಂಡ್, ಹ್ಯಾಶ್. ಮ್ಯಾಗ್ನೆಟ್ಟಿಗೆ 5 ಸೆಕೆಂಡ್ ಸರಿ. ರಿಮ್ ಲಾಕಿಗೆ 1 ಸೆಕೆಂಡ್ ಸಾಕು, ಜಾಸ್ತಿ ಹೊತ್ತು ಕರೆಂಟ್ ಹರಿದರೆ ಅದರ ಸುರುಳಿ ಸುಡುತ್ತದೆ. ಮುಗಿದ ಮೇಲೆ ಸ್ಟಾರ್ ಒತ್ತಿ ಹೊರಗೆ ಬನ್ನಿ. ತಪ್ಪು ನಂಬರ್ ಪದೇ ಪದೇ ಒತ್ತಿದರೆ ಕೆಲವು ನಿಮಿಷ ಕೀಪ್ಯಾಡ್ ಮಲಗುವ ಸೌಲಭ್ಯ ಇದ್ದರೆ ಅದನ್ನೂ ಹಾಕಿಬಿಡಿ.

ಕ್ರಮಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಬಹಳ ಮುಖ್ಯ. 1 ಮನೆಯವರಿಗೆ, 2 ಮ್ಯಾನೇಜರ್‌ಗೆ, 3 ರೂಮ್ ಸ್ವಚ್ಛ ಮಾಡುವವರಿಗೆ, 11ರಿಂದ ಮೇಲೆ ಅತಿಥಿಗಳಿಗೆ. ಕೆಲಸದವರೊಬ್ಬರು ಬಿಟ್ಟುಹೋದಾಗ ಅವರದ್ದನ್ನು ಮಾತ್ರ ತೆಗೆದರಾಯಿತು. ಎಲ್ಲರಿಗೂ ಒಂದೇ ನಂಬರ್ ಕೊಟ್ಟಿದ್ದರೆ ಎಲ್ಲರಿಗೂ ಹೊಸದು ಹೇಳಬೇಕು. ಹಾಗಾಗಿ ಯಾರೂ ಬದಲಿಸುವುದೇ ಇಲ್ಲ, ಹೂಕುಂಡದ ಕೀಲಿಗಿಂತ ಅದು ಮೇಲೇನಲ್ಲ.

ಅತಿಥಿಗೆ ಅವರ ಮೊಬೈಲಿನ ಕೊನೆಯ ನಾಲ್ಕು ಅಂಕಿ ಕೊಟ್ಟರೆ ನೆನಪಿಡಲು ಸುಲಭ, ಆದರೆ ಅವರು ಹೊರಟ ದಿನವೇ ತೆಗೆದುಹಾಕಿ. ಮನೆಯವರದ್ದು ಮತ್ತು ಮಾಸ್ಟರ್ ಆರು ಅಂಕಿಯದಿರಲಿ. ನಾಲ್ಕು ಅಂಕಿಯಲ್ಲಿ ಆಗುವುದು 10,000 ಜೋಡಣೆ, ಆರು ಅಂಕಿಯಲ್ಲಿ 10 ಲಕ್ಷ. ವರ್ಷಗಟ್ಟಲೆ ಒಂದೇ ನಂಬರ್ ಇಟ್ಟರೆ ಆ ಗುಂಡಿಗಳು ಮಾತ್ರ ಸವೆದು ಹೊಳೆಯುತ್ತವೆ, ನೋಡಿದವರಿಗೆ ಅರ್ಧ ಉತ್ತರ ಸಿಕ್ಕಂತೆ. ಮನೆಯವರ ನಂಬರನ್ನೂ ಆಗಾಗ ಬದಲಿಸಿ.

ಮಾಸ್ಟರ್ ಮರೆತುಹೋದರೆ ದಾರಿಯಿದೆ. ಬಹಳಷ್ಟು ಮಾದರಿಗಳಲ್ಲಿ ಕರೆಂಟ್ ಆರಿಸಿ, ಒಳಗಿನ ಎಕ್ಸಿಟ್ ಬಟನ್ ಒತ್ತಿ ಹಿಡಿದು ಮತ್ತೆ ಕರೆಂಟ್ ಕೊಟ್ಟರೆ ಕಂಪನಿಯ ಮಾಸ್ಟರ್ ವಾಪಸ್ ಬರುತ್ತದೆ. ಕೆಲವದರಲ್ಲಿ ಎಲ್ಲರ ನಂಬರೂ ಅಳಿಸಿಹೋಗುತ್ತದೆ, ಅದಕ್ಕೇ ನೋಟ್‌ಬುಕ್ ಬೇಕು. ಪವರ್ ಸಪ್ಲೈ ಮತ್ತು ಎಕ್ಸಿಟ್ ಬಟನ್ ಎರಡೂ ಹೊರಗಿನವರ ಕೈಗೆ ಸಿಗದಂತೆ ಒಳಗೇ ಇರಬೇಕಾದ ಕಾರಣವೂ ಇದೇ.

ಮೊದಲ ಅತಿಥಿ ಬರುವ ಮುಂಚೆ ಎಂಸಿಬಿ ಇಳಿಸಿ ಇಡೀ ರಾತ್ರಿ ಬಿಡಿ. ಬೆಳಿಗ್ಗೆ ಬ್ಯಾಟರಿ ಮೇಲೆಯೇ ನಂಬರ್ ಒತ್ತಿ ನೋಡಿ. ಆಮೇಲೆ ಬ್ಯಾಟರಿಯ ವೈರನ್ನೂ ಕಳಚಿ, ಒಳಗಿನಿಂದ ಹೊರಗೆ ಬರಲು ಆಗುತ್ತದೆಯೇ, ರಿಮ್ ಲಾಕ್ ಆದರೆ ಹೊರಗಿನ ಕೀಲಿ ತಿರುಗುತ್ತದೆಯೇ ಪರೀಕ್ಷಿಸಿ. ಆ ಕೀಲಿಯನ್ನು ಪಕ್ಕದ ಮನೆಯಲ್ಲೋ ಮ್ಯಾನೇಜರ್ ಬಳಿಯೋ ಕೊಟ್ಟಿಡಿ. ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಇದೇ ಪರೀಕ್ಷೆ ಮತ್ತೆ ಮಾಡಿ. ರಾತ್ರಿಯಿಡೀ ತಡೆಯದ ಬ್ಯಾಟರಿಯನ್ನು ಆಗಲೇ ಬದಲಿಸಿ.