ಪಾದ ಎತ್ತಲಾಗದ ಅಕ್ಕನಿಗೆ ಬೆನ್ನಿನ ವ್ಯಾಯಾಮ

ಆ ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವಾಗಲೇ ಸದ್ದು ಕೇಳಿಸಿತು. ಬಲಗಾಲು ಮೆತ್ತಗೆ, ಎಡಗಾಲು ಟಪ್ ಎಂದು. ಹಿಮ್ಮಡಿ ಊರಿದ ಮೇಲೆ ಪಾದದ ಮುಂಭಾಗವನ್ನು ಮೆಲ್ಲಗೆ ಇಳಿಸಲು ಆಗುತ್ತಿರಲಿಲ್ಲ, ತಾನಾಗಿ ಬಡಿಯುತ್ತಿತ್ತು. "ಸೊಂಟದಾಗೆ ನರ ಹಿಡ್ಕಂಡಿದೆಯಂತೆ ಡಾಕ್ಟ್ರೇ" ಎಂದು ಎಂ.ಆರ್.ಐ. ಲಕೋಟೆ ಮುಂದಿಟ್ಟರು. ಸೊಂಟದ 4 ಮತ್ತು 5ನೇ ಮೂಳೆಗಳ ನಡುವಿನ ಡಿಸ್ಕ್ ತುಸು ಉಬ್ಬಿದೆ ಎಂದಿತ್ತು ವರದಿ. ಆ ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಎಲ್5 ನರಬೇರನ್ನು, ಅಂದರೆ ಸೊಂಟದ 5ನೇ ಮೂಳೆಯ ಕೆಳಗಿನ ಸಂದಿಯಿಂದ ಹೊರಬರುವ ನರದ ಬುಡವನ್ನು. ಪಾದವನ್ನೂ ಹೆಬ್ಬೆರಳನ್ನೂ ಮೇಲೆತ್ತುವುದರಲ್ಲಿ ಆ ಬೇರಿನ ಪಾಲು ದೊಡ್ಡದು. ಫಿಸಿಯೋಥೆರಪಿಸ್ಟ್ ಆದ ನನಗೆ ಅಷ್ಟು ಸಾಕಾಯಿತು. ಮೂರು ವಾರ ಬೆನ್ನಿನ ವ್ಯಾಯಾಮ ಮಾಡಿಸಿದೆ. ಪಾದ ಇದ್ದ ಹಾಗೇ ಇತ್ತು.

ಕಾಲೇಜಿನಲ್ಲಿ ನರಮಂಡಲವನ್ನು ಪಟ್ಟಿಯಾಗಿ ಉರು ಹೊಡೆದಿದ್ದೆ. ಮಿದುಳು, ಬೆನ್ನುಹುರಿ ಸೇರಿ ಕೇಂದ್ರ ನರಮಂಡಲ. ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಮೈಯೆಲ್ಲ ಹರಡುತ್ತವೆ. ಪರೀಕ್ಷೆಗೆ ಇಷ್ಟು ನಡೆಯುತ್ತದೆ. ಆದರೆ ಬೇರು ಬೇರೆ, ನರ ಬೇರೆ ಎಂಬುದು ತಲೆಗೆ ಇಳಿದಿರಲಿಲ್ಲ. ಬೆನ್ನುಮೂಳೆಯ ಸಂದಿಯಿಂದ ಹೊರಬಿದ್ದ ಬೇರು ನೇರ ಕಾಲಿಗೆ ಹೋಗುವುದಿಲ್ಲ. ಅಕ್ಕಪಕ್ಕದ ಬೇರುಗಳ ಜೊತೆ ಜಡೆ ಹೆಣೆದಂತೆ ಸೇರಿ, ಮತ್ತೆ ಕವಲೊಡೆದು, ಬೇರೆ ಹೆಸರಿನ ನರವಾಗಿ ಹೋಗುತ್ತದೆ. ಒಂದು ಬೇರಿನ ಎಳೆಗಳು ಹಲವು ನರಗಳಲ್ಲಿ ಹಂಚಿಹೋಗಿರುತ್ತವೆ. ಒಂದು ನರದಲ್ಲಿ ಹಲವು ಬೇರುಗಳ ಎಳೆಗಳಿರುತ್ತವೆ.

ನಾಲ್ಕನೇ ವಾರ ಲಕೋಟೆ ಪಕ್ಕಕ್ಕಿಟ್ಟು ಮೊದಲಿನಿಂದ ನೋಡಿದೆ. "ಪಾದ ಒಳಕ್ಕೆ ತಿರುಗಿಸಿ ಅಕ್ಕಾ" ಎಂದರೆ ನನ್ನ ಕೈಯನ್ನೇ ತಳ್ಳುವಷ್ಟು ಬಲ. ಹೊರಕ್ಕೆ ತಿರುಗಿಸಲು ಆಗಲಿಲ್ಲ. ಮಗ್ಗುಲಾಗಿ ಮಲಗಿಸಿ ಇಡೀ ಕಾಲು ಎತ್ತಿಸಿದೆ, ಸಲೀಸಾಗಿ ಎತ್ತಿದರು. ಕಾಲೆತ್ತುವ ಪೃಷ್ಠದ ಸ್ನಾಯುವಿಗೂ, ಪಾದ ಒಳಕ್ಕೆ ತಿರುಗಿಸುವ ಸ್ನಾಯುವಿಗೂ ಎಲ್5 ಎಳೆಗಳು ಬೇರೆ ಬೇರೆ ನರಗಳ ಮೂಲಕ ಹೋಗುತ್ತವೆ. ಎಲ್5 ಬೇರು ತಾನೇ ಕೆಟ್ಟಿದ್ದರೆ ಅವೂ ಸೋಲಬೇಕಿತ್ತು. ಮಂಡಿಯ ಹೊರಬದಿಗೆ, ಸಣ್ಣ ಮೂಳೆಯ ಗಂಟಿನ ಕೆಳಗೆ ಬೆರಳಿನಿಂದ ತಟ್ಟಿದೆ. "ಅಯ್ಯೋ, ಬೆರಳ ತನಕ ಝುಮ್ ಅಂತು!"

ಪಾದವನ್ನು ಮೇಲೆತ್ತುವ, ಹೊರಕ್ಕೆ ತಿರುಗಿಸುವ ಸ್ನಾಯುಗಳನ್ನು ನಡೆಸುವ ಪೆರೋನಿಯಲ್ ನರ ಅಲ್ಲಿ ಮೂಳೆಗೆ ಸುತ್ತಿಕೊಂಡು ಹೋಗುತ್ತದೆ, ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ. ಕೇಳಿದರೆ ಅಡಿಕೆ ಕೊಯ್ಲಿನ ಕಾಲ, ರಾತ್ರಿ ಹನ್ನೊಂದರ ತನಕ ಕಾಲು ಮಡಚಿ ಕೂತು ಸುಲಿತ. ಮೂರು ವಾರವೂ ಅದು ನಡೆದೇ ಇತ್ತು, ನಾನು ಕೇಳಿರಲಿಲ್ಲ. ಡಿಸ್ಕ್ ಉಬ್ಬು ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಇರುತ್ತದೆ, ಅದೂ ಗೊತ್ತಿದ್ದ ವಿಷಯವೇ. ವರದಿ ಓದಿದ ಮೇಲೆ ಕಾಲು ಮುಟ್ಟಿದ್ದು ನನ್ನ ತಪ್ಪು.

ಕೂರುವ ಭಂಗಿ ಬದಲಿಸಿ, ಪಾದ ಜೋತು ಬೀಳದಂತೆ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟೆ. ನರದ ಹೊದಿಕೆ ಮಾತ್ರ ಜಜ್ಜಿದ್ದರೆ ವಾರಗಳಲ್ಲಿ ಸುಧಾರಿಸುತ್ತದೆ. ಒಳಗಿನ ಎಳೆಯೇ ತುಂಡಾದರೆ ಅದು ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯಬೇಕು. ಅಕ್ಕನಿಗೆ ಎರಡು ತಿಂಗಳು ಹಿಡಿಯಿತು.

ನಮ್ಮ ಮಾತಿನಲ್ಲಿ ‘ನರ’ ಎಂದರೆ ರಕ್ತನಾಳವೂ ಹೌದು. ರಕ್ತ ತೆಗೆಯುವ ಸಿಸ್ಟರ್ "ನರ ಸಿಗ್ತಿಲ್ಲ" ಎನ್ನುತ್ತಾರಲ್ಲ! ಅದಕ್ಕೇ ಈಗ ಯಾರೇ ಬಂದರೂ ಬೆರಳಿಟ್ಟು ತೋರಿಸಿ ಎನ್ನುತ್ತೇನೆ. ಹತ್ತಿಯ ಎಳೆಯಿಂದ ಸವರುತ್ತ, ಸ್ಪರ್ಶ ಮಂಕಾಗುವಲ್ಲಿ ಬಾಲ್‌ಪೆನ್ನಿನಿಂದ ಗೆರೆ ಎಳೆಯುತ್ತೇನೆ. ಕೈಯಲ್ಲಿ ಈ ಗೆರೆ ನೋಡಲು ಚೆಂದ. ಮೊಣಕೈಯಲ್ಲಿ ಅಲ್ನರ್ ನರ ಒತ್ತಿಕೊಂಡಿದ್ದರೆ ಸಾಮಾನ್ಯವಾಗಿ ಗೆರೆ ಉಂಗುರದ ಬೆರಳನ್ನು ಉದ್ದಕ್ಕೆ ಸೀಳುತ್ತದೆ: ಕಿರುಬೆರಳ ಕಡೆಯ ಅರ್ಧ ಮಂಕು, ಇನ್ನರ್ಧ ಸರಿ. ಮಂಕು ಮಣಿಕಟ್ಟು ದಾಟಿ ಮುಂಗೈಯ ಒಳಬದಿಗೂ ಏರಿದ್ದರೆ ಕತ್ತಿನ ಕಡೆ ಹುಡುಕುತ್ತೇನೆ.

ಒಂದೇ ಒಂದು ಸಂದರ್ಭದಲ್ಲಿ ಪೆನ್ನು ಹಿಡಿದು ಕೂರುವುದಿಲ್ಲ. ಬೆನ್ನುಹುರಿ ಸೊಂಟದ 1-2ನೇ ಮೂಳೆಯ ಹತ್ತಿರವೇ ಮುಗಿದು, ಅಲ್ಲಿಂದ ಕೆಳಗೆ ಬೇರುಗಳು ಕುದುರೆ ಬಾಲದಂತೆ ಇಳಿಬಿದ್ದಿರುತ್ತವೆ. ಆ ಗೊಂಚಲೇ ಒತ್ತಿಕೊಂಡರೆ ಕೂರುವ ಜಾಗ ಮರಗಟ್ಟಬಹುದು, ಮೂತ್ರ ಕಟ್ಟಬಹುದು, ಎರಡೂ ಕಾಲು ಸೋಲಬಹುದು. ಇವುಗಳಲ್ಲಿ ಯಾವುದು ಕೇಳಿದರೂ ಅದೇ ದಿನ ದೊಡ್ಡಾಸ್ಪತ್ರೆಗೆ ಕಳಿಸುತ್ತೇನೆ.

ಉಳಿದವರ ಲಕೋಟೆ ಮೊದಲು ಕಿಟಕಿ ಪಕ್ಕದ ಕುರ್ಚಿಯ ಮೇಲೆ. ಕಾಲು ಮುಟ್ಟಿ ನೋಡಿ ಆದ ಮೇಲೆಯೇ ಅದನ್ನು ಬಿಚ್ಚುವುದು.