ಹಿತ್ತಲಿನ ಕೋಳಿ: ಯಾವ ಮೊಟ್ಟೆ, ಯಾವ ಹೇಂಟೆ, ಯಾವ ತಳಿ

ಹಿತ್ತಲಿನಲ್ಲಿ ನಾಲ್ಕು ಕೋಳಿ ಸಾಕಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಗೂಡಿನ ಬಗ್ಗೆ ಕೇಳುತ್ತಾರೆ, ಆಮೇಲೆ ಮೇವಿನ ಬಗ್ಗೆ, ಎಲ್ಲ ಮುಗಿದ ಮೇಲೆ ತಳಿಯ ಬಗ್ಗೆ. ಈ ಕ್ರಮ ತಿರುಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಾವಿಗೆ ಇಡುವ ಮೊಟ್ಟೆ ಯಾವ ಹುಂಜದ್ದು, ಯಾವ ಹೇಂಟೆಯದು, ಅದರ ಮೇಲೆ ಕೂರುವ ಕೋಳಿ ಯಾವುದು ಎಂಬ ಮೂರು ವಿಷಯಗಳಲ್ಲಿಯೇ ಮುಂದಿನ ಒಂದು ವರ್ಷದ ಲಾಭನಷ್ಟವೂ, ಮನೆಯ ಮಕ್ಕಳು ಆ ಕೋಳಿಗಳ ನಡುವೆ ಹೆದರದೆ ಓಡಾಡುವರೋ ಇಲ್ಲವೋ ಎಂಬುದೂ ಬಹುಪಾಲು ತೀರ್ಮಾನವಾಗಿ ಹೋಗಿರುತ್ತವೆ. ಗೂಡನ್ನು ಯಾವಾಗ ಬೇಕಾದರೂ ದುರಸ್ತಿ ಮಾಡಬಹುದು. ಹುಟ್ಟುಗುಣವನ್ನು ದುರಸ್ತಿ ಮಾಡುವುದು ಕಷ್ಟ.

ಮೊದಲಿಗೆ ಮೊಟ್ಟೆಯ ಮಾತು. ಎಂಟು ಹತ್ತು ಹೇಂಟೆಗಳಿಗೆ ಒಂದು ಗಟ್ಟಿಮುಟ್ಟಾದ ಹುಂಜ ಸಾಕು. ಹುಂಜವನ್ನು ಹೊಸದಾಗಿ ತಂದು ಬಿಟ್ಟಿದ್ದರೆ ಹತ್ತು ದಿನ ಕಾದು, ಅನಂತರದ ಮೊಟ್ಟೆಗಳನ್ನೇ ಕಾವಿಗೆ ಎತ್ತಿಡಬೇಕು. ತೀರಾ ಚಿಕ್ಕದು, ತೀರಾ ದೊಡ್ಡದು, ಉದ್ದವಾಗಿ ಸೊಟ್ಟಗಾದದ್ದು, ಚಿಪ್ಪು ತೆಳುವಾದದ್ದು, ಕೂದಲೆಳೆಯಷ್ಟು ಬಿರುಕಿರುವುದು, ಇವೆಲ್ಲ ಅಡುಗೆಮನೆಗೆ ಹೋಗಲಿ. ಹಿಕ್ಕೆ ಮೆತ್ತಿಕೊಂಡ ಮೊಟ್ಟೆಯನ್ನು ತೊಳೆದು ಕಾವಿಗಿಡುವ ಅಭ್ಯಾಸ ಹಲವರಿಗಿದೆ, ಅದು ಬೇಡ. ಚಿಪ್ಪಿನ ಮೇಲಿರುವ ಸಹಜ ಲೇಪ ನೀರಿಗೆ ಹೋದರೆ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಸೋಂಕು ಒಳಸೇರುತ್ತದೆ. ಆಯ್ದ ಮೊಟ್ಟೆಗಳನ್ನು ದಪ್ಪ ತುದಿ ಮೇಲಾಗುವಂತೆ ನಿಲ್ಲಿಸಿ, ಏಳು ದಿನಕ್ಕಿಂತ ಹೆಚ್ಚು ಕೂಡಿಡದೆ ಬಳಸಬೇಕು. ಫ್ರಿಜ್ಜಿನ ಥಂಡಿ ಒಳಗಿನ ಜೀವವನ್ನು ಕೊಲ್ಲುತ್ತದೆ, ಒಲೆಯ ಮೇಲಿನ ಅಟ್ಟದ ಶಾಖವೂ ಅಷ್ಟೇ ಕೆಟ್ಟದ್ದು. ಒದ್ದೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಮಡಕೆಯೊಳಗೆ ಒಣಹುಲ್ಲು ಹಾಸಿ, ಅದರಲ್ಲಿ ಮೊಟ್ಟೆಗಳನ್ನಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿದರೆ ಬೇಸಿಗೆಯಲ್ಲಿಯೂ ತಕ್ಕಮಟ್ಟಿಗೆ ತಂಪಾಗಿರುತ್ತದೆ.

ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಾವಿನ ಬುಟ್ಟಿಯಲ್ಲಿ ಕಬ್ಬಿಣದ ಮೊಳೆ, ಇದ್ದಿಲಿನ ಚೂರು ಇಡುವ ಪದ್ಧತಿ ಹಳ್ಳಿಗಳಲ್ಲಿ ಈಗಲೂ ಉಂಟು. ಇಟ್ಟರೆ ಕೇಡೇನಿಲ್ಲ. ಆದರೆ ಗುಡುಗಿನ ಕಾಲದಲ್ಲಿ, ಎಂದರೆ ಏಪ್ರಿಲ್, ಮೇ ತಿಂಗಳಲ್ಲಿ, ಮೊಟ್ಟೆ ಹೆಚ್ಚಾಗಿ ಕೊಳೆಯುವುದಕ್ಕೆ ಕಾರಣ ಬಿಸಿಲು. ಸುಮಾರು 21 ಡಿಗ್ರಿ ದಾಟಿದ ಜಾಗದಲ್ಲಿ ಕೂಡಿಟ್ಟ ಮೊಟ್ಟೆಯೊಳಗಿನ ಜೀವ ಕೋಳಿ ಕೂರುವ ಮೊದಲೇ ಅರೆಬರೆಯಾಗಿ ಬೆಳೆಯಲು ತೊಡಗಿ, ನಡುವೆಯೇ ಸತ್ತುಹೋಗುತ್ತದೆ. ಆದ್ದರಿಂದ ನಮ್ಮ ಬಯಲುಸೀಮೆಯಲ್ಲಿ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಮರಿ ಮಾಡಿಸುವುದು ಒಳ್ಳೆಯದು. ಆಗ ಹುಳುಹುಪ್ಪಟೆಯ ಮೇವೂ ಸಿಗುತ್ತದೆ.

ಕಾವಿಗೆ ಬಂದ ಕೋಳಿಯನ್ನು ಗುರುತಿಸುವುದು ಸುಲಭ. ಮೊಟ್ಟೆ ತೆಗೆದರೂ ಅದು ಜಾಗ ಬಿಟ್ಟೇಳುವುದಿಲ್ಲ, ಹತ್ತಿರ ಹೋದರೆ ಪುಕ್ಕ ಕೆದರಿಕೊಂಡು ಕೊರ್ರೆನ್ನುತ್ತದೆ, ಹೊಟ್ಟೆಯ ಪುಕ್ಕ ಉದುರಿ ಚರ್ಮ ಬಿಸಿಯಾಗಿರುತ್ತದೆ. ಹಾಗೆಂದು ಕೂಡಲೇ ಒಳ್ಳೆಯ ಮೊಟ್ಟೆಗಳನ್ನು ಅದಕ್ಕೆ ಒಪ್ಪಿಸಬಾರದು. ಎರಡು ದಿನ ಎರಡು ಕೆಲಸಕ್ಕೆ ಬಾರದ ಮೊಟ್ಟೆಗಳ ಮೇಲೆ ಕೂರಿಸಿ, ಅದರ ಹಟ ಗಟ್ಟಿಯೆಂದು ಕಂಡ ಮೇಲೆ, ರಾತ್ರಿಯ ಹೊತ್ತು, ಎಲ್ಲ ಮೊಟ್ಟೆಗಳನ್ನೂ ಒಟ್ಟಿಗೆ ಇಡಬೇಕು. ದಿನಕ್ಕೊಂದರಂತೆ ಸೇರಿಸಿದರೆ ಮರಿಗಳೂ ದಿನಕ್ಕೊಂದರಂತೆ ಒಡೆಯುತ್ತವೆ. ಮೊದಲ ಮರಿಗಳ ಹಿಂದೆ ತಾಯಿ ಎದ್ದು ಹೋದರೆ ಉಳಿದವು ಆರಿಹೋಗುತ್ತವೆ. ಇಟ್ಟ ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದರೆ, ಬೇರೆ ಕೋಳಿ ಬಂದು ನಡುವೆ ಇಟ್ಟು ಹೋದ ಮೊಟ್ಟೆ ತಟ್ಟನೆ ಸಿಕ್ಕಿಬೀಳುತ್ತದೆ. ಮಧ್ಯಮ ಗಾತ್ರದ ನಾಟಿ ಹೇಂಟೆಯ ಅಡಿಯಲ್ಲಿ ಅದರದೇ ಗಾತ್ರದ ಹತ್ತು ಹನ್ನೆರಡು ಮೊಟ್ಟೆ ಹಿಡಿಯುತ್ತವೆ. ದೊಡ್ಡ ತಳಿಯ ಮೊಟ್ಟೆಯಾದರೆ ಎಂಟಕ್ಕೆ ನಿಲ್ಲಿಸುವುದು ಲೇಸು.

ಬಿದಿರಿನ ಬುಟ್ಟಿಯ ತಳಕ್ಕೆ ಒಂದು ಹಿಡಿ ಒಲೆಯ ಬೂದಿ, ಅದರ ಮೇಲೆ ಭತ್ತದ ಹುಲ್ಲು, ನಡುನಡುವೆ ಬೇವಿನ ಸೊಪ್ಪು ಹಾಕಿದರೆ ಹೇನಿನ ಕಾಟ ತಗ್ಗುತ್ತದೆ. ಹೇನು ಹತ್ತಿದ ಕೋಳಿ ಎಷ್ಟು ನಿಷ್ಠೆಯದಾದರೂ ಕಾವು ಬಿಟ್ಟೇಳುತ್ತದೆ. ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಅದು ಎದ್ದು ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಿ ಬರುವುದು ಆರೋಗ್ಯದ ಲಕ್ಷಣ. ತಾನಾಗಿ ಏಳದಿದ್ದರೆ ರೆಕ್ಕೆಯ ಅಡಿ ಮೊಟ್ಟೆ ಸಿಕ್ಕಿಕೊಂಡಿಲ್ಲವೆಂದು ನೋಡಿ ಮೆಲ್ಲನೆ ಎತ್ತಿ ಹೊರಗೆ ಬಿಡಬೇಕು.

ಏಳನೆಯ ರಾತ್ರಿ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡುವುದನ್ನು ಯಾರೂ ತಪ್ಪಿಸಬಾರದು. ಕತ್ತಲ ಕೋಣೆಯಲ್ಲಿ ಟಾರ್ಚಿನ ಬಾಯಿಗೆ ಬೆರಳುಗಳನ್ನು ಸುತ್ತಿ, ಮೊಟ್ಟೆಯ ದಪ್ಪ ತುದಿಯನ್ನು ಆ ಬೆಳಕಿನ ಮೇಲಿಟ್ಟರೆ ಒಳಗೆಲ್ಲ ಕಿತ್ತಳೆ ಬಣ್ಣ ತುಂಬಿಕೊಳ್ಳುತ್ತದೆ. ಜೀವವಿರುವ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಅದರಿಂದ ನಾಲ್ಕೂ ಕಡೆಗೆ ಜೇಡನ ಕಾಲುಗಳಂತೆ ಹರಡಿದ ಕೆಂಪು ನರಗಳೂ ಕಾಣುತ್ತವೆ. ಕೈ ಅಲುಗಿಸದೆ ಹಿಡಿದಿದ್ದರೆ ಆ ಚುಕ್ಕೆ ತಾನಾಗಿ ಮಿಸುಕುವುದೂ ಕಾಣುತ್ತದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಅದು ಬೀಜ ಕಟ್ಟದ ಮೊಟ್ಟೆ. ನರಗಳಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಉಳಿದಿದ್ದರೆ ಜೀವ ಮೂಡಿ ಸತ್ತಿದೆ. ಇವೆರಡನ್ನೂ ತೆಗೆದುಬಿಟ್ಟರೆ ಉಳಿದವುಗಳಿಗೆ ಕಾವು ಚೆನ್ನಾಗಿ ತಾಗುತ್ತದೆ, ಕೊಳೆತ ಮೊಟ್ಟೆ ಬುಟ್ಟಿಯಲ್ಲೇ ಸಿಡಿಯುವ ಅಪಾಯವೂ ತಪ್ಪುತ್ತದೆ.

ಹದಿನೆಂಟನೆಯ ದಿನದಿಂದ ಮೊಟ್ಟೆಗಳನ್ನು ಮುಟ್ಟಬಾರದು. ಇಪ್ಪತ್ತನೆಯ ದಿನ ಕಿವಿಗೊಟ್ಟರೆ ಒಳಗಿನಿಂದ ಚಿಂವ್ ಎನ್ನುವ ಸಣ್ಣ ದನಿ ಕೇಳಿಸುತ್ತದೆ. ಕೊಕ್ಕಿನ ತುದಿಯ ಪುಟ್ಟ ಮುಳ್ಳಿನಿಂದ ಮರಿ ಚಿಪ್ಪನ್ನು ಒಂದು ಕಡೆ ಒಡೆದು, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಸುತ್ತಲೂ ಕತ್ತರಿಸುತ್ತಾ ಬರುತ್ತದೆ. ಇದಕ್ಕೆ ಹನ್ನೆರಡು ಗಂಟೆಯಿಂದ ಇಡೀ ಒಂದು ದಿನ ಹಿಡಿಯಬಹುದು. ಕನಿಕರದಿಂದ ಚಿಪ್ಪು ಬಿಡಿಸಲು ಹೋಗುವವರಿಗೆ ನಾನು ಕೈಮುಗಿದು ಬೇಡವೆನ್ನುತ್ತೇನೆ: ಆ ಹೊತ್ತಿನಲ್ಲಿ ಪೊರೆಯ ನರಗಳಲ್ಲಿನ್ನೂ ರಕ್ತ ಹರಿಯುತ್ತಿರುತ್ತದೆ, ಮೊಟ್ಟೆಯ ಉಳಿದ ಹಳದಿ ಭಂಡಾರ ಮರಿಯ ಹೊಟ್ಟೆಯೊಳಗೆ ಸೇರುತ್ತಿರುತ್ತದೆ, ಅವಸರದಿಂದ ಎಳೆದರೆ ರಕ್ತ ಸುರಿದು ಮರಿ ಸಾಯುತ್ತದೆ. ಹೊಟ್ಟೆ ಸೇರಿದ ಆ ಭಂಡಾರದ ಬಲದಿಂದಲೇ ಮರಿಗಳು ಎರಡು ದಿನ ಮೇವಿಲ್ಲದೆ ತಡೆಯುತ್ತವೆ. ಆದ್ದರಿಂದ ತಡವಾಗಿ ಒಡೆಯುವವಕ್ಕಾಗಿ ತಾಯಿಯನ್ನು ಬುಟ್ಟಿಯಲ್ಲೇ ಉಳಿಸಬಹುದು. ಯಂತ್ರದಲ್ಲಿ ಮರಿ ಮಾಡಿಸುವವರು ಫ್ಯಾನಿರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಶಾಖ ಕಾಪಾಡಿ, ಮೊಟ್ಟೆಗಳನ್ನು ಹದಿನೆಂಟು ದಿನ ಹೊರಳಿಸುತ್ತಾ, ಕೊನೆಯ ಮೂರು ದಿನ ತೇವವನ್ನು ಹೆಚ್ಚಿಸಿದರೆ ಸಾಕು. ಆದರೂ ಹತ್ತಿಪ್ಪತ್ತು ಮರಿ ಬೇಕಾದ ಮನೆಗೆ ಒಳ್ಳೆಯ ನಾಟಿ ಹೇಂಟೆಗಿಂತ ಮಿಗಿಲಾದ ಯಂತ್ರವಿಲ್ಲ. ಕರೆಂಟು ಹೋದರೂ ಅದು ಎದ್ದು ಹೋಗುವುದಿಲ್ಲ.

ಮರಿಗಳಾದ ಮೊದಲ ಎರಡು ವಾರ ತಾಯಿಯನ್ನೂ ಮರಿಗಳನ್ನೂ ಮಂಕರಿಯಡಿ ಅಥವಾ ಜಾಲರಿಯ ಆವರಣದಲ್ಲಿ ಇಟ್ಟರೆ ಹದ್ದು, ಕಾಗೆ, ಮುಂಗುಸಿಗಳಿಂದ ಕಾಪಾಡಬಹುದು. ತಾಯಿಯಿಲ್ಲದ ಮರಿಗಳಿಗೆ ಬಲ್ಬಿನ ಶಾಖ ಬೇಕು: ಮೊದಲ ವಾರ 35 ಡಿಗ್ರಿ, ಅಲ್ಲಿಂದ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುವುದು. ಥರ್ಮಾಮೀಟರಿಗಿಂತ ಮರಿಗಳೇ ನಿಖರವಾಗಿ ಹೇಳುತ್ತವೆ; ಬಲ್ಬಿನಡಿ ಒಂದರ ಮೇಲೊಂದು ಗುಂಪುಗೂಡಿದರೆ ಚಳಿ, ಬಾಯಿ ತೆರೆದು ಅಂಚಿಗೆ ಸರಿದರೆ ಸೆಕೆ, ಎಲ್ಲೆಡೆ ಹರಡಿಕೊಂಡು ಕೆದಕುತ್ತಿದ್ದರೆ ಶಾಖ ಹದವಾಗಿದೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ತುಂಬಿಟ್ಟರೆ ಮರಿ ಮುಳುಗುವುದಿಲ್ಲ. ಹಾಸಿದ ಭತ್ತದ ಹೊಟ್ಟು ಒದ್ದೆಯಾದ ದಿನವೇ ತೆಗೆಯಬೇಕು, ಏಕೆಂದರೆ ರಕ್ತಭೇದಿ ಶುರುವಾಗುವುದು ಆ ತೇವದಲ್ಲಿಯೇ.

ಮೇವಿನಲ್ಲಿ ಮೊದಲ ಆರು ವಾರ ಅಂಗಡಿಯ ಮರಿ ಆಹಾರ ಕೊಡುವುದು ಕ್ಷೇಮ. ಬರಿಯ ಅಕ್ಕಿನುಚ್ಚಿನಲ್ಲಿ ಮೈ ಕಟ್ಟುವ ಸತ್ವ ಸಾಲದು. ಹಳ್ಳಿಯಲ್ಲಿರುವವರಿಗೆ ಗೆದ್ದಲಿನಷ್ಟು ಒಳ್ಳೆಯ ಮೇವು ಇನ್ನೊಂದಿಲ್ಲ. ಹಳೆಯ ಮಡಕೆಯಲ್ಲಿ ಹರಿದ ಗೋಣಿ, ಒಣಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕಿದರೆ ಒಂದೆರಡು ದಿನದಲ್ಲಿ ಗೆದ್ದಲು ತುಂಬಿಕೊಳ್ಳುತ್ತದೆ. ಅದನ್ನು ಬೆಳಿಗ್ಗೆ ಮರಿಗಳ ಮುಂದೆ ಕೊಡವಿದರೆ ಆಯಿತು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನೂ ಉಪ್ಪು ಹೆಚ್ಚಾದ ಸಾರು, ಉಪ್ಪಿನಕಾಯಿಯ ಎಂಜಲನ್ನೂ ಯಾವ ವಯಸ್ಸಿನ ಕೋಳಿಗೂ ಹಾಕಬಾರದು. ಮೊಟ್ಟೆಗೆ ಬಂದ ಹೇಂಟೆಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿ ಇಟ್ಟಿದ್ದರೆ ಬೇಕಾದಷ್ಟನ್ನು ತಾನೇ ಕುಕ್ಕಿಕೊಳ್ಳುತ್ತದೆ.

ಲಸಿಕೆಯ ವಿಷಯದಲ್ಲಿ ಮಾತ್ರ ನಾನು ಯಾರ ಸಬೂಬನ್ನೂ ಕೇಳುವುದಿಲ್ಲ. ಕೊಕ್ಕರೆ ರೋಗ (ರಾಣಿಖೇತ್) ಬಂದು ಹಸಿರು ಹಿಕ್ಕೆ ಹಾಕುತ್ತಾ ಕತ್ತು ತಿರುಚಿಕೊಂಡ ಕೋಳಿಗೆ ಔಷಧವಿಲ್ಲ, ಕೆಲವೇ ದಿನಗಳಲ್ಲಿ ಕೇರಿಯ ಕೋಳಿಗಳೆಲ್ಲ ಹೋಗುತ್ತವೆ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ, ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದು. ನಡುವೆ ಮರಿಗಳಿಗೆ ಬರುವ ಗಂಬೊರೊ ರೋಗ ಮತ್ತು ಕೋಳಿ ಸಿಡುಬಿನ ಲಸಿಕೆಗಳ ದಿನವನ್ನು ಪಶುವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಬೇಕು. ಲಸಿಕೆಯ ಸೀಸೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು. ಆದ್ದರಿಂದ ಅಕ್ಕಪಕ್ಕದ ನಾಲ್ಕಾರು ಮನೆಯವರು ಒಂದೇ ಸಮಯಕ್ಕೆ ಮರಿ ಮಾಡಿಸಿ, ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ಸೀಸೆಯನ್ನು ತಂದು, ಸಂಜೆಯ ತಂಪಿನಲ್ಲಿ ಎಲ್ಲರ ಕೋಳಿಗಳಿಗೂ ಹಾಕಿಸುವುದು ಜಾಣತನ.

ಇನ್ನು ತಳಿ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಗಿಂತ ಹೆಚ್ಚು ಇಡುವುದಿಲ್ಲ, ಆದರೆ ಕಾವು ಕೂರುವುದರಲ್ಲಿಯೂ ಮರಿ ಕಾಯುವುದರಲ್ಲಿಯೂ ಅದಕ್ಕೆ ಸಾಟಿಯಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡ ಗಿರಿರಾಜ ಬಣ್ಣದಲ್ಲಿ ನಾಟಿಯನ್ನೇ ಹೋಲುತ್ತದೆ, ಮೈತೂಕ ಬೇಗ ಬರುತ್ತದೆ, ವರ್ಷಕ್ಕೆ ನೂರಮೂವತ್ತರಿಂದ ನೂರೈವತ್ತು ಮೊಟ್ಟೆ ಕೊಡುತ್ತದೆ, ನಡಿಗೆಯೂ ಸ್ವಭಾವವೂ ನಿಧಾನ. ಅಲ್ಲಿಂದಲೇ ಮುಂದೆ ಬಂದ ಸ್ವರ್ಣಧಾರ ಮೊಟ್ಟೆಯಲ್ಲಿ ಇನ್ನೂ ಮೇಲು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳೂ ನಮ್ಮಲ್ಲಿ ಚೆನ್ನಾಗಿ ಒಗ್ಗಿವೆ. ಮೊಟ್ಟೆಯೇ ಮುಖ್ಯವೆನ್ನುವವರಿಗೆ ಗ್ರಾಮಪ್ರಿಯ ಸರಿ. ಈ ತಳಿಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ, ಹಲವು ವಂಶಗಳನ್ನು ಕೂಡಿಸಿ ಮಾಡಿದವಾದ್ದರಿಂದ ಅವುಗಳ ಮೊಟ್ಟೆಯಿಂದ ಮನೆಯಲ್ಲಿ ಮರಿ ಮಾಡಿದರೆ ತಾಯ್ತಂದೆಯ ಗುಣ ಪೂರ್ತಿ ಬರುವುದೂ ಇಲ್ಲ. ಅದಕ್ಕೆ ನಾನು ಹೇಳುವ ದಾರಿ ಇದು: ಸರ್ಕಾರಿ ಕೇಂದ್ರದಿಂದ ಒಂದು ದಿನದ ಗಿರಿರಾಜ ಮರಿಗಳನ್ನು ತಂದು, ಕಾವು ಮುಗಿಸುತ್ತಿರುವ ನಾಟಿ ಹೇಂಟೆಯ ರೆಕ್ಕೆಯಡಿಗೆ ರಾತ್ರಿ ಒಂದೊಂದಾಗಿ ಸೇರಿಸಿದರೆ, ಬೆಳಗಾಗುವುದರೊಳಗೆ ಅವು ಅದರ ಮರಿಗಳೇ ಆಗಿರುತ್ತವೆ.

ಮಧ್ಯಪ್ರದೇಶದ ಝಾಬುವಾದ, ಮಾಂಸವೂ ಕಪ್ಪಾಗಿರುವ ಕಡಕ್‌ನಾಥ್‌ಗೆ 2018ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಬಂದ ಮೇಲೆ ಅದನ್ನು ಕೇಳುವವರು ಹೆಚ್ಚಿದ್ದಾರೆ. ಸಾಕಬಹುದು, ಆದರೆ ಅದು ಬೆದರುವ ಕೋಳಿ, ಕೈಗೆ ಬರುವುದು ಕಡಿಮೆ. ಅಸೀಲ್ ಹೇಂಟೆ ಮರಿಗಳ ಮೇಲೆ ಪ್ರಾಣ ಇಟ್ಟುಕೊಂಡಿರುತ್ತದೆ. ಅದರ ಹುಂಜಗಳೆರಡನ್ನು ಒಂದೇ ಹಿತ್ತಲಿನಲ್ಲಿ ಬಿಟ್ಟರೆ ಒಂದು ಸಾಯುವವರೆಗೂ ಕಾದಾಡುತ್ತವೆ. ಪುಟ್ಟ ಮಕ್ಕಳಿರುವ ಮನೆಗೆ ಗಿರಿರಾಜವೇ ಮೊದಲ ಆಯ್ಕೆಯಾಗಲಿ. ಪಟ್ಟಣದಲ್ಲಿ ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂದರೆ ಹುಂಜವನ್ನೇ ಸಾಕದಿರಬಹುದು. ಹುಂಜವಿಲ್ಲದಿದ್ದರೂ ನಾವು ತಿನ್ನುವ ಮೊಟ್ಟೆಯನ್ನು ಹೇಂಟೆ ಇಟ್ಟೇ ಇಡುತ್ತದೆ.

ತಳಿ ಎಷ್ಟೇ ಸಾಧುವಾದರೂ ಸಲಿಗೆಯನ್ನು ಮರಿಯಿದ್ದಾಗಲೇ ಬೆಳೆಸಬೇಕು. ಮೇಲಿನಿಂದ ಕೈ ಬಂದರೆ ಮರಿಗೆ ಹದ್ದಿನ ಭಯ. ಆದುದರಿಂದ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯಲ್ಲಿ ಕಾಳಿಟ್ಟು, ಪ್ರತಿದಿನ ಒಂದೇ ಕೂಗಿನಿಂದ ಕರೆದು ತಿನ್ನಿಸುವುದನ್ನು ಮಕ್ಕಳಿಗೆ ಕಲಿಸಬೇಕು. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ. ಇಷ್ಟಾದರೂ ಕಾಲಿಗೆ ಹಾರಿ ಬರುವ ಹುಂಜವನ್ನು ವಂಶಕ್ಕೆ ಉಳಿಸಿಕೊಳ್ಳಬಾರದು, ಆ ಮುಂಗೋಪ ಮರಿಗಳಿಗೂ ಇಳಿಯುತ್ತದೆ.

ಒಂದೇ ಹುಂಜ ವರ್ಷಗಟ್ಟಲೆ ತನ್ನ ಮಗಳು, ಮೊಮ್ಮಗಳೊಡನೆ ಕೂಡುತ್ತಾ ಹೋದರೆ ಮೊಟ್ಟೆಗಳು ಬೀಜ ಕಟ್ಟುವುದು ಕಡಿಮೆಯಾಗುತ್ತದೆ, ಮರಿಗಳು ಸೊರಗುತ್ತವೆ. ಒಂದೆರಡು ವರ್ಷಕ್ಕೊಮ್ಮೆ ದೂರದ ಊರಿನ ನೆಂಟರ ಮನೆಯ ಸಾಧು ಹುಂಜವೊಂದನ್ನು ಪಡೆದು, ನಿಮ್ಮದನ್ನು ಅವರಿಗೆ ಕೊಟ್ಟು ಅದಲುಬದಲು ಮಾಡಿಕೊಳ್ಳಿ. ಬಂದ ಹುಂಜವನ್ನು ಮೂರು ವಾರ ಬೇರೆ ಗೂಡಿನಲ್ಲಿಟ್ಟು, ಮೇವು, ಹಿಕ್ಕೆ, ಉಸಿರಾಟ ಎಲ್ಲವೂ ಸರಿಯಾಗಿದೆಯೆಂದು ಕಂಡ ಮೇಲೆಯೇ ಹೇಂಟೆಗಳ ಜೊತೆ ಬಿಡಿ.