ಸಸಿ ಹಂಚುವ ಮೊದಲು ಸಾರು ಬಡಿಸಿ

ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹತ್ತೊಂಬತ್ತು ವರ್ಷ ಅಂಗನವಾಡಿ ನಡೆಸಿದವಳು ನಾನು. ತೂಕ ಏರದ ಮಗುವಿನ ತಾಯಿಗೆ ‘ಸೊಪ್ಪು ತಿನ್ನಿಸವ್ವ’ ಅಂತ ಹೇಳುತ್ತಿದ್ದೆ. ‘ಎಲ್ಲಿಂದ ತರ್ಲಿ ಟೀಚರೇ?’ ಅಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮದು ಮಳೆ ನಂಬಿದ ಊರು. ರಾಗಿ, ಹುರುಳಿ, ಒಂದಿಷ್ಟು ತೆಂಗು. ಮಳೆಗಾಲ ಮುಗಿದರೆ ಹೊಲದ ಬೆರಕೆ ಸೊಪ್ಪೂ ಮುಗಿಯಿತು. ಹಾಗಾಗಿ ನುಗ್ಗೆಯ ಹಿಂದೆ ಬಿದ್ದೆ.

ಮೊದಲ ವರ್ಷ 60 ಸಸಿ ತರಿಸಿ ಮನೆಗೊಂದರಂತೆ ಗಂಡಸರ ಕೈಗೆ ಕೊಟ್ಟೆ. ಅವರು ಹೊಲದ ಬದುವಿನಲ್ಲಿ ನೆಟ್ಟರು. ಅರ್ಧ ಮೇಕೆಗಳ ಪಾಲಾದವು. ಉಳಿದವು ಎತ್ತರಕ್ಕೆ ಬೆಳೆದು ನಿಂತವು. ಅಡುಗೆ ಮಾಡುವವಳಿಗೆ ಹೊಲವೂ ದೂರ, ಕೊಂಬೆಯೂ ದೂರ. ಗಿಡ ಬಂತು, ಸೊಪ್ಪು ತಟ್ಟೆಗೆ ಬರಲಿಲ್ಲ. ನೀವು ನಿಮ್ಮೂರಲ್ಲಿ ಈ ಕೆಲಸ ಹಿಡಿಯುವುದಾದರೆ ಒಲೆಯಿಂದ ಶುರುಮಾಡಿ.

ಮಹಿಳಾ ಸಂಘದ ಸಭೆಯ ದಿನ ನುಗ್ಗೆಸೊಪ್ಪಿನ ಉಪ್ಸಾರು ಮಾಡಿ. ಹುರುಳಿಕಾಳು ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಿ, ಸೊಪ್ಪು ಮೆತ್ತಗಾದ ಕೂಡಲೇ ಕಟ್ಟು ಬಸಿದುಕೊಳ್ಳಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಅರೆದು ಖಾರ. ಕಾಳು-ಸೊಪ್ಪಿಗೆ ಈರುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ಮುದ್ದೆಯ ಪಕ್ಕ ಬಡಿಸಿ. ಮೇಲೆ ನಿಂಬೆರಸ ಹಿಂಡುವುದನ್ನು ಮರೆಯಬೇಡಿ. ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತುವುದಕ್ಕೆ ಹುಳಿ ನೆರವಾಗುತ್ತದೆ. ಊಟ ನಡೆಯುವಾಗಲೇ ಒಂದು ಮಾತು ಹೇಳಿ: ಈ ಸೊಪ್ಪಿನಲ್ಲಿ ಅಷ್ಟೇ ತೂಕದ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, 100 ಗ್ರಾಂ ಹಸಿ ಸೊಪ್ಪಿಗೆ ಸುಮಾರು 6 ಗ್ರಾಂ ಪ್ರೋಟೀನು. ಅಲ್ಲಿಗೆ ಸಾಕು, ಭಾಷಣ ಬೇಡ.

ಹೆಂಗಸರ ನಿಜವಾದ ತಕರಾರು ಬೇರೆ. ‘ಬಿಡಿಸಕ್ಕೆ ಅರ್ಧ ದಿನ ಹೋಯ್ತದೆ.’ ಇದಕ್ಕೆ ನಮ್ಮತ್ತೆ ಹೇಳಿಕೊಟ್ಟ ಉಪಾಯವಿದೆ. ಸಂಜೆ ಕೊಂಬೆ ಮುರಿದು ತಂದು, ಟವೆಲಿನಲ್ಲಿ ಬಿಗಿಯಾಗಿ ಸುತ್ತಿ ಮೂಲೆಗಿಡಿ. ಬೆಳಿಗ್ಗೆ ಬಿಚ್ಚಿ ಕೊಡವಿದರೆ ಎಲೆಯೆಲ್ಲ ಉದುರಿ ಕಡ್ಡಿ ಕೈಯಲ್ಲಿ ಉಳಿಯುತ್ತದೆ. ಸಭೆಯಲ್ಲಿ ನಾನು ಟವೆಲು ಬಿಚ್ಚಿ ಮೊರದ ಮೇಲೆ ಕೊಡವಿದಾಗ ಸಣ್ಣ ಎಲೆಗಳು ಸರಸರ ಬಿದ್ದವು. ಆವತ್ತು ಏಳು ಜನ ಬೀಜ ಕೇಳಿದರು. ಕ್ಯಾಲ್ಸಿಯಂ ಮಾತಿಗೆ ಒಬ್ಬರೂ ಕೇಳಿರಲಿಲ್ಲ.

ಇನ್ನೊಂದು ತಡೆ ಹಿರಿಯರದು. ‘ಮನೆ ಮುಂದ್ಕೆ ನುಗ್ಗೆ ಬ್ಯಾಡ ಕಣವ್ವ’ ಅಂದರು ಪಕ್ಕದ ಮನೆ ಅಜ್ಜಿ. ದೆವ್ವದ ಕಥೆ ಇದ್ದೇ ಇದೆ, ಆದರೆ ಕೂತು ಕೇಳಿದರೆ ಒಳಗೆ ಅನುಭವವಿದೆ: ಕಂಬಳಿಹುಳ ಸುರಿಯುತ್ತದೆ, ಕೊಂಬೆ ಬೇಗ ಮುರಿದು ಹತ್ತಿದ ಮಕ್ಕಳು ಬೀಳುತ್ತಾರೆ. ಎರಡೂ ನಿಜ. ಎರಡೂ ಎತ್ತರದ ಮರದ ತೊಂದರೆಗಳು. ಅಜ್ಜಿಗೆ ‘ಸೊಂಟದ ಮೇಲೆ ಬೆಳೆಯೋಕೆ ಬಿಡಲ್ಲ’ ಅಂತ ಮಾತು ಕೊಟ್ಟೆ, ಒಪ್ಪಿಕೊಂಡರು.

ನೆಡುವುದು ಸುಲಭ. ಬೀಜದಿಂದ ಬರುವ ತಳಿಗಳಲ್ಲಿ ತಮಿಳುನಾಡಿನ ಪೆರಿಯಕುಳಂನ ಪಿಕೆಎಂ-1, ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ಎರಡೂ ಚೆನ್ನ. ಬೀಜ ರಾತ್ರಿ ನೆನೆಹಾಕಿ, ಮೃಗಶಿರ ಮಳೆಯ ಹೊತ್ತಿಗೆ ಒಂದೊಂದು ಗುಣಿಗೆ ಎರಡು, ಬೆರಳಿನ ಒಂದು ಗೆಣ್ಣು ಆಳಕ್ಕೆ ಊರಿ. ಗುಣಿ ಒಂದೂವರೆ ಅಡಿ ಇರಲಿ, ಕೊಟ್ಟಿಗೆ ಗೊಬ್ಬರ ತುಂಬಿ. ಹತ್ತು ಹನ್ನೆರಡು ದಿನಕ್ಕೆ ಮೊಳಕೆ. ಸೊಪ್ಪಿಗಾದರೆ ಮೂರಡಿಗೊಂದು ಸಾಕು. ಕಾಯಿಗಾದರೆ ಎಂಟಡಿ ಬಿಡಿ. ಜಾಗ ಹಿತ್ತಲೇ ಆಗಬೇಕು, ಬಚ್ಚಲ ನೀರು ಹರಿದು ಹೋಗುವ ಕಡೆ, ನಿಲ್ಲುವ ಕಡೆಯಲ್ಲ. ಮದ್ದೂರು, ಮಂಡ್ಯ ಕಡೆ ನಾಲೆ ಬಯಲಿನಲ್ಲಿ ಗದ್ದೆಯ ಪಕ್ಕ ನೆಡುವವರು ಮಣ್ಣು ಏರು ಹಾಕಲೇಬೇಕು; ನೀರು ನಿಂತರೆ ನುಗ್ಗೆಯ ಬೇರು ಕೊಳೆಯುತ್ತದೆ. ಮೊದಲ ಮೂರು ತಿಂಗಳು ಸುತ್ತ ಮುಳ್ಳು ಕಟ್ಟಿ, ಮೇಕೆಗೆ ಇದು ಬಹಳ ಇಷ್ಟ.

ಗಿಡ ಎರಡೂವರೆ ಅಡಿ ಆದಾಗ ಕುಡಿ ಚಿವುಟಬೇಕು. ಇಲ್ಲಿಯೇ ಎಲ್ಲರ ಕೈ ಹಿಂಜರಿಯುತ್ತದೆ, ಬೆಳೆಯುವ ಗಿಡದ ತಲೆ ಕೀಳಲು ಮನಸ್ಸು ಬರುವುದಿಲ್ಲ. ಒಂದು ಗಿಡಕ್ಕೆ ನೀವೇ ಚಿವುಟಿ ತೋರಿಸಿ. ಪಕ್ಕದಿಂದ ಕವಲು ಒಡೆಯುವುದನ್ನು ಅವರೇ ನೋಡಲಿ. ಆಮೇಲೆ ವರ್ಷಕ್ಕೊಮ್ಮೆ ಮೂರಡಿಗೆ ಕತ್ತರಿಸಿ. ಕಂಬಳಿಹುಳ ಕಾಂಡದ ಮೇಲೆ ಗುಂಪಾಗಿ ಕೂತಿದ್ದರೆ ಪಂಜು ಹಿಡಿದು ಸುಟ್ಟುಬಿಡಿ. ತಿನ್ನುವ ಸೊಪ್ಪಿಗೆ ವಿಷದ ಔಷಧಿ ಹೊಡೆಯಲೇಬೇಡಿ. ಬಸುರಿಯರಿಗೆ ಬೇರು, ತೊಗಟೆಯ ಕಷಾಯ ಯಾರೂ ಕೊಡದ ಹಾಗೆ ಮೊದಲೇ ಎಚ್ಚರಿಸಿ.

ಎಷ್ಟು ಸಸಿ ಬದುಕಿದವು ಅಂತ ಎಣಿಸುವುದನ್ನು ನಾನು ಬಿಟ್ಟಿದ್ದೇನೆ. ಮನೆಗೆ ಹೋದರೆ ಕೇಳುವುದು ಒಂದೇ: ‘ಈ ವಾರ ಎಷ್ಟು ಸಲ ಸೊಪ್ಪು ಮುರುದ್ರಿ?’ ಎರಡು ಸಲ ಅಂದರೆ ಆ ಮನೆಯ ಚಿಂತೆ ಬಿಡುತ್ತೇನೆ. ಒಂದೂ ಇಲ್ಲ ಅಂದರೆ ಗಿಡ ನೋಡುತ್ತೇನೆ. ಬಹಳ ಸಲ ಅದು ಕೈಗೆಟುಕದಷ್ಟು ಎತ್ತರವಾಗಿರುತ್ತದೆ, ಕುಡುಗೋಲು ಕೇಳಿ ಅಲ್ಲೇ ಕತ್ತರಿಸಿ ಬರುತ್ತೇನೆ.

ಬೀದಿಗೊಂದು ಮರವನ್ನು ಮಾತ್ರ ಕಡಿಯದೆ ಕಾಯಿ ಒಣಗಲು ಬಿಡಿ. ಕಾಯಿ ಕಂದುಬಣ್ಣಕ್ಕೆ ತಿರುಗಿದಾಗ ಇಳಿಸಿ, ರೆಕ್ಕೆಯಿರುವ ಬೀಜ ಬಿಡಿಸಿ ಬಟ್ಟೆ ಚೀಲದಲ್ಲಿಡಿ. ತವರಿಗೆ ಬಂದ ಹೆಣ್ಣುಮಕ್ಕಳು ಮಡಿಲಕ್ಕಿ ಜೊತೆ ಒಂದು ಹಿಡಿ ಒಯ್ಯಲಿ, ಆದರೆ ಆ ವರ್ಷದ ಮಳೆಗೇ ಊರಲು ಹೇಳಿ. ಹಳೆಯದಾದಷ್ಟೂ ಮೊಳಕೆ ಕಡಿಮೆ.